ಕೊಟ್ಟ ಡಬ್ಬಿಗಳನ್ನು ತಿರುಗಿ ಕೇಳಿದವರು

ಕೊಟ್ಟ ವಸ್ತುವನ್ನು ತಿರುಗಿ ಕೇಳುವುದಕ್ಕಿಂತ ನಾಚಿಕೆಗೇಡಿನ ಕೆಲಸ ನಮ್ಮ ಕೊಟ್ಟೂರಿನ ಕಡೆ ಇನ್ನೊಂದಿಲ್ಲ. ಅಳಿಯನಿಗೆ ಕೊಟ್ಟ ಉಂಗುರ ಹಾಗಿರಲಿ, ನೆರೆಮನೆಗೆ ಕೊಟ್ಟ ಹೆಪ್ಪಿನ ಮಜ್ಜಿಗೆಯನ್ನೂ ಕೇಳಬಾರದು. ಅವರು ಕೇಳಿದರು. ಮನೆಮನೆಗೆ ಹೋಗಿ ಬಾಗಿಲು ಬಡಿದು ಕೇಳಿದರು. ಕೊಡದವರ ಜೊತೆ ಜಗಳ ಕಾದು ಕೇಳಿದರು. ಊರೆಲ್ಲ ನಕ್ಕಿತು, ಊರಿನ ಜೊತೆ ನಾನೂ ನಕ್ಕೆ. ಅವರು ತೀರಿಕೊಂಡು ಈಗ ಎರಡು ತಿಂಗಳಾಯಿತು. ನಕ್ಕದ್ದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ "ನನ್ನ ಹೆಸರಿಂದ ಯಾರ ರಕ್ತ ಶುದ್ಧ ಆಗತೈತ್ರಿ ಟೀಚರಮ್ಮ?" ಎಂದು ಕೇಳುವ ಮನುಷ್ಯ. ಊರಿಗೆ ಅವರು ಬ್ಯಾಟರಿ ಸಾಹೇಬರು, ನನಗೆ ಚಾಚಾ. ನಮ್ಮ ಓಣಿಯ ಬಾಯಿಗೇ ಅವರ ಅಂಗಡಿ, ಅಂಗಡಿಯ ಹಿಂದೆ ಅಂಗಳ, ಅಂಗಳದ ಹಿಂದೆ ಮನೆ. ಗುಡೇಕೋಟೆಯ ಟ್ರ್ಯಾಕ್ಟರಿನಿಂದ ಹಿಡಿದು ಹಲವಾಗಲಿನ ಮರಳು ಲಾರಿಯ ತನಕ ಯಾವ ಬ್ಯಾಟರಿ ಸತ್ತರೂ ಅವರ ಹತ್ತಿರ ಬರಬೇಕು. ಅಳತೆಯ ಗಾಜಿನ ನಳಿಕೆ ಗೂಡಿನಲ್ಲಿ ಧೂಳು ತಿನ್ನುತ್ತಿತ್ತು. ಚಾಚಾ ಆಸಿಡ್ಡಿನ ಹದವನ್ನು ಬೆರಳ ತುದಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು, ನಾವು ಸಾರಿಗೆ ಉಪ್ಪು ನೋಡಿದ ಹಾಗೆ. ಹಾಗೆ ನೋಡಿ ನೋಡಿ ಮುಂದಿನ ಹಲ್ಲು ಅರ್ಧಕ್ಕೆ ಸವೆದಿದ್ದವು. ನಕ್ಕರೆ ಹಾಲುಹಲ್ಲಿನ ಮಗುವಿನಂತೆ ಕಾಣುತ್ತಿದ್ದರು, ಮತ್ತು ಮಾತು ಮಾತಿಗೆ ನಗುತ್ತಿದ್ದರು.

ಕೊಡುವುದರಲ್ಲಿ ಅವರ ಕೈ ಬಲು ದೊಡ್ಡದು. ಹಣವಿರಲಿಲ್ಲ, ಡಬ್ಬಿಗಳಿದ್ದವು. ಸತ್ತ ಬ್ಯಾಟರಿಯನ್ನು ಬಿಚ್ಚಿ, ಒಳಗಿನ ಸೀಸದ ಪ್ಲೇಟುಗಳನ್ನು ತೆಗೆದು ಅಂಗಳದ ಒಲೆಯ ಮೇಲೆ ಬಾಂಡ್ಲಿಯಲ್ಲಿ ಕರಗಿಸುತ್ತಿದ್ದರು. ಉಳಿಯುವುದು ಕರಿಯ, ದಪ್ಪ ರಬ್ಬರಿನ ಡಬ್ಬಿ. ಒಳಗಿನ ಅಡ್ಡಗೋಡೆಗಳನ್ನು ಉಳಿಯಿಂದ ಒಡೆದು, ಬೋರಿನ ನೀರಲ್ಲಿ ಮೂರು ಸಲ ತೊಳೆದು, ಬಿಸಿಲಿಗೆ ಒಣಗಿಸಿ ಓಣಿಯವರಿಗೆ ಹಂಚುತ್ತಿದ್ದರು. ಹೊಸ ಮನೆ ಕಟ್ಟಿದವರಿಗೆ ಒಂದು, ಮದುವೆಯಾಗಿ ಬಂದ ಸೊಸೆಗೆ ಒಂದು.

"ಆಸಿಡ್ ಕುಡಿದ ಡಬ್ಬಿ ತಾಯಿ ಇದು. ಇದಕ್ಕಿಂತ ಸ್ವಚ್ಛ ಯಾವುದೈತಿ?" ಎನ್ನುತ್ತಿದ್ದರು.

ನಾವು ಯಾರೂ ಇಲ್ಲವೆನ್ನಲಿಲ್ಲ. ಕಿಲುಬು ಹಿಡಿದ ಹಿತ್ತಾಳೆಯನ್ನು ಬೆಳಗುವುದು ಆಸಿಡ್ಡಿನಿಂದ, ಬಚ್ಚಲು ತಿಕ್ಕುವುದು ಆಸಿಡ್ಡಿನಿಂದ. ಅಂಥ ಆಸಿಡ್ಡೇ ವರ್ಷಗಟ್ಟಲೆ ನಿಂತ ಡಬ್ಬಿಯಲ್ಲಿ ಕೊಳೆ ಎಲ್ಲಿಂದ ಬರಬೇಕು? ಕೋಳಿಗೆ ನೀರು, ಮೇಕೆಗೆ ಬೂಸಾ, ಕೊತ್ತಂಬರಿ ಮಡಿ, ಎಲ್ಲಕ್ಕೂ ಅದೇ ಡಬ್ಬಿಯಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ವರ್ಷದ ಹುಣಸೆಹಣ್ಣು. ನಮ್ಮ ಕೂಡ್ಲಿಗಿ, ಕೊಟ್ಟೂರಿನ ಕಡೆ ಸುಗ್ಗಿಯಲ್ಲಿ ಹುಣಸೆಹಣ್ಣನ್ನು ಬೀಜ ತೆಗೆದು, ಉಪ್ಪು ಹಾಕಿ ಗಟ್ಟಿಯಾಗಿ ಒತ್ತಿ ತುಂಬಿಡುತ್ತೇವೆ. ತಗಡಿನ ಡಬ್ಬಿ ತುಕ್ಕು ಹಿಡಿಯುತ್ತದೆ, ಮಡಕೆ ಬಿರಿಯುತ್ತದೆ. ಬ್ಯಾಟರಿ ಡಬ್ಬಿಗೆ ಎರಡೂ ಇಲ್ಲ. ಆ ಡಬ್ಬಿಯ ತಳದಲ್ಲಿ ಉದ್ದುದ್ದಕ್ಕೆ ಏಣುಗಳಿರುತ್ತವೆ. ಎಷ್ಟು ತೊಳೆದರೂ ಆ ಏಣುಗಳ ಸಂದಿಯಲ್ಲಿ ಬೂದಿ ಬಣ್ಣದ ಗಸಿ ಉಳಿಯುತ್ತದೆ. ಅದು ಸೀಸದ ಗಸಿ. ಹುಳಿಗೆ ಸೀಸ ಕರಗುತ್ತದೆ ಎಂದು ನಾನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದೆ. ಮನೆಗೆ ಬಂದು ನೆರೆಯವರು ಆ ಡಬ್ಬಿಯಿಂದ ತೆಗೆದುಕೊಟ್ಟ ಹುಣಸೆಹಣ್ಣಿನಲ್ಲಿ ಸಾರು ಮಾಡುತ್ತಿದ್ದೆ. ಇಂಥ ವಿಜ್ಞಾನ ಟೀಚರು ನಾನು.

ಅವರಿಗೊಬ್ಬಳು ಮೊಮ್ಮಗಳು. ಮಗನ ಮಗಳು, ಆ ಮನೆಯಲ್ಲೇ ಹುಟ್ಟಿದವಳು. ನಾಲ್ಕು ವರ್ಷವಾದರೂ ಮಾತು ಎರಡಕ್ಷರ ದಾಟಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಹೊತ್ತಿಲ್ಲ ಗೊತ್ತಿಲ್ಲ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ತಾಯಿತ ಕಟ್ಟಿಸಿದರು, ಜಂತುಹುಳದ ಔಷಧಿ ಕುಡಿಸಿದರು, ಟಾನಿಕ್ಕಿನ ಬಾಟಲಿಗಳು ಕಿಟಕಿಯಲ್ಲಿ ಸಾಲುಗಟ್ಟಿದವು. ಅತ್ತಾಗ ಸಮಾಧಾನಕ್ಕೆ ಚಾಚಾ ಡಬ್ಬಿಗೆ ಕೈ ಹಾಕಿ ಒಂದು ಉಂಡೆ ಹುಣಸೆಹಣ್ಣು ಕೊಡುತ್ತಿದ್ದರು. ಅದನ್ನು ಚೀಪುತ್ತ ಅವಳು ಸುಮ್ಮನಾಗುತ್ತಿದ್ದಳು. ಮುದುಕ ಮತ್ತು ಮಗು ಅಂಗಡಿಯ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣು ಹಂಚಿಕೊಂಡು ತಿನ್ನುವುದನ್ನು ನಾನು ಶಾಲೆಗೆ ಹೋಗುವಾಗ ಎಷ್ಟೋ ದಿನ ಕಣ್ತುಂಬ ನೋಡಿದ್ದೇನೆ.

ಕೊನೆಗೆ ದಾವಣಗೆರೆಯ ಮಕ್ಕಳ ಡಾಕ್ಟರ ಹತ್ತಿರ ಹೋದರು. ಇಂಗ್ಲಿಷ್ ಚೀಟಿ ಓದುವುದಕ್ಕೆ ಬೇಕೆಂದು ನನ್ನನ್ನೂ ಕರೆದುಕೊಂಡು ಹೋದರು. ಆ ಡಾಕ್ಟರಮ್ಮ ಮಗುವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಚಾಚಾನ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಬೂದು ಗೆರೆ.

"ನಿಮ್ಮ ಕೆಲಸ ಏನು?" ಎಂದರು. ಅಲ್ಲಿಯವರೆಗೆ ಎಷ್ಟು ಡಾಕ್ಟರು ಆಗಿದ್ದರೋ, ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.

ಚಾಚಾ ಹೆಮ್ಮೆಯಿಂದ ಹೇಳಿದರು. ಡಾಕ್ಟರಮ್ಮ ಮಗುವಿನ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಎರಡನೇ ಸಲ ಹೋದಾಗ ಚೀಟಿಯನ್ನು ನಾನು ಓದಬೇಕಾಗಲಿಲ್ಲ, ಅವರೇ ಹೇಳಿದರು. ರಕ್ತದಲ್ಲಿ ಸೀಸವಿದೆ, ಇರಬಾರದಷ್ಟು ಇದೆ ಎಂದರು.

"ಇದು ನಿಮ್ಮ ಊರಿನದೊಂದೇ ಕಥೆ ಅಂತ ತಿಳಕೋಬೇಡಿ. ಪ್ರಪಂಚದಲ್ಲಿ ಎಲ್ಲೆಲ್ಲಿ ಹಳೇ ಬ್ಯಾಟರಿ ಬಡವರ ಅಂಗಳದಲ್ಲಿ ಕರಗುತ್ತೋ ಅಲ್ಲೆಲ್ಲ ಮಕ್ಕಳ ಮೈಯಲ್ಲಿ ಇದೇ ಇರುತ್ತೆ. ಕಣ್ಣಿಗೆ ಕಾಣಲ್ಲ, ನಾಲಿಗೆಗೂ ತಿಳಿಯಲ್ಲ. ಆಗಿರೋ ಹಾನಿಯನ್ನ ಹಿಂದಕ್ಕೆ ತರೋದು ಕಷ್ಟ. ಇನ್ನು ಮುಂದೆ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ."

ಚಾಚಾ ಕೇಳಿದರು: "ಹುಣಸಿಹಣ್ಣು ಬ್ಯಾಟರಿ ಡಬ್ಬ್ಯಾಗ ತುಂಬಿಟ್ಟೀವಿ. ಅದರಿಂದ ಏನಾರ ಆಗತೈತೇನ್ರಿ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಷ್ಟು ದಿನದಿಂದ?"

"ಈಕಿ ಹುಟ್ಟೂದಕ್ಕಿಂತ ಮೊದಲಿಂದಾನೂ."

ಬಸ್ಸಿನಲ್ಲಿ ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ಹರಪನಹಳ್ಳಿ ದಾಟಿದ ಮೇಲೆ ಚಾಚಾ ಬೆರಳು ಮಡಿಸತೊಡಗಿದರು. "ಗೌಡ್ರ ಮನಿಗೆ ಎರಡು. ಹಾಲಿನ ಸಿದ್ದಮ್ಮಗ ಒಂದು. ಮಸೂತಿ ಹಿಂದಿನ ಐದು ಮನಿಗೆ ಐದು. ಬಾಗಳಿ ಬೀಗರಿಗೆ ಒಂದು. ಟೀಚರಮ್ಮ, ನಿಮಗೊಂದು..." ಕೊಟ್ಟೂರು ಬರುವವರೆಗೂ ಅವರು ಮನೆಗಳನ್ನು ಹೇಳುತ್ತಲೇ ಇದ್ದರು. ಅವರು ಯಾವುದನ್ನೂ ಬರೆದಿಟ್ಟವರಲ್ಲ. ಆದರೆ ಕೊಟ್ಟದ್ದೊಂದನ್ನೂ ಮರೆತಿರಲಿಲ್ಲ.

ಬಸ್ಸಿಳಿದವರು ಮನೆಗೆ ಹೋಗಿ ನೀರು ಸಹ ಕುಡಿಯದೆ ಒಲೆಯನ್ನು ಕೆಡವಿದರು. ಮಗ, ಸೊಸೆ, ಮಗುವನ್ನು ಬೇರೆ ಓಣಿಯ ಬಾಡಿಗೆ ಮನೆಗೆ ಕಳಿಸಿದರು. ಅಂಗಳದ ಮಣ್ಣನ್ನು ನೀರು ಚಿಮುಕಿಸಿ ಮೊಣಕಾಲುದ್ದ ತೆಗೆಸಿ, ಮೇಲೆ ಕಾಂಕ್ರೀಟು ಹಾಕಿಸಿದರು. ಆಮೇಲೆ ತಳ್ಳುಗಾಡಿ ತೆಗೆದುಕೊಂಡು ಹೊರಟರು.

ಬಾಗಿಲಲ್ಲಿ ನಿಂತು ಅವರು ಹೇಳುತ್ತಿದ್ದ ಮೊದಲ ಮಾತು ಎಲ್ಲ ಮನೆಗೂ ಒಂದೇ. "ನಂದು ಮೊದ್ಲು ಹೇಳ್ತೀನಿ, ಆಮ್ಯಾಕ ನಿಮ್ಮದು." ತಮ್ಮದೆಂದರೆ ತಮ್ಮ ತಪ್ಪು. ಡಬ್ಬಿಯಲ್ಲಿ ವಿಷವಿದೆ, ಗೊತ್ತಿಲ್ಲದೆ ಕೊಟ್ಟೆ, ನನ್ನ ಮೊಮ್ಮಗಳಿಗೂ ತಿನ್ನಿಸಿದೆ, ನೀವು ಎಷ್ಟು ಬೈಯಬೇಕೋ ಬೈಯಿರಿ, ಡಬ್ಬಿ ಮಾತ್ರ ಕೊಡಿ. ನಿಮ್ಮದೆಂದರೆ: ಅದರಲ್ಲಿ ಏನಿಟ್ಟಿದ್ದೀರಿ, ಯಾರು ತಿಂದಿದ್ದಾರೆ, ಮಕ್ಕಳನ್ನು ಯಾವಾಗ ಆಸ್ಪತ್ರೆಗೆ ಕರೆದೊಯ್ಯುತ್ತೀರಿ.

ಜನ ಸುಲಭಕ್ಕೆ ಕೊಡಲಿಲ್ಲ. ಗಟ್ಟಿ ಡಬ್ಬಿ, ಪುಕ್ಕಟೆ ಬಂದದ್ದು, ಒಂದು ದಿನವೂ ಒಡೆದದ್ದಿಲ್ಲ, ಸೋರಿದ್ದಿಲ್ಲ. ಹಳೇ ರಬ್ಬರಿಗೆ ಎಲ್ಲೋ ರೇಟು ಬಂದಿರಬೇಕು, ಅದಕ್ಕೇ ಸಾಹೇಬರು ಕಥೆ ಕಟ್ಟಿದ್ದಾರೆ ಎಂದು ಕಟ್ಟೆಯ ಮೇಲೆ ಮಾತಾಯಿತು. ಹಾಲಿನ ಸಿದ್ದಮ್ಮ ಬೀದಿಗೇ ಬಂದು ನಿಂತಳು.

"ಕೊಟ್ಟು ಕಸಗೊಂತೀರೇನ್ರಿ ಸಾಹೇಬ್ರ? ಮಾನ ಐತೋ ಇಲ್ಲೋ?"

"ಕಸಗೊಳ್ಳಾಕ ಬಂದೀನವ್ವಾ. ಬಂಗಾರ ಕೊಟ್ಟು ಕಸಗೊಂಡ್ರ ಮಾನ ಹೋಗತೈತಿ. ವಿಷ ಕೊಟ್ಟು ಕಸಗೊಳ್ಳದಿದ್ರ ಹೋಗತೈತಿ."

"ಮೂವತ್ತು ವರ್ಷದಿಂದ ತಿಂದೀವಿ, ಯಾರು ಸತ್ತಾರ?"

"ಸಾಯ್ಸಂಗಿಲ್ಲ ಅದು. ಕುಂದಿಸ್ತೈತಿ." ಚಾಚಾ ಅಲ್ಲೇ ತಳ್ಳುಗಾಡಿಗೆ ಒರಗಿ ನಿಂತರು. "ನನ್ನ ಮೊಮ್ಮಗಳಿಗೆ ಹತ್ತರ ತನಕ ಎಣಿಸಾಕ ಬರಂಗಿಲ್ಲ ಸಿದ್ದಮ್ಮ. ಆಕಿ ಲೆಕ್ಕಾನ ನಾನು ತಿಂದೀನಿ. ನಿನ್ನ ಮೊಮ್ಮಕ್ಕಳ ಲೆಕ್ಕ ಉಳಿಲಿ, ಡಬ್ಬಿ ಕೊಡು."

ಸಿದ್ದಮ್ಮ ಒಳಗೆ ಹೋಗಿ ಹುಣಸೆಹಣ್ಣಿನ ಸಮೇತ ಡಬ್ಬಿಯನ್ನು ತಂದು ಗಾಡಿಯಲ್ಲಿ ಕುಕ್ಕಿದಳು. ಗುಡೇಕೋಟೆಯ ಕುರಿಯವನೊಬ್ಬ ಮಾತ್ರ ಏನು ಹೇಳಿದರೂ ಕೇಳಲಿಲ್ಲ. ಚಾಚಾ ಅಲ್ಲಿಂದ ಮನೆಗೆ ವಾಪಸು ಬಂದು, ತಮ್ಮ ಬಚ್ಚಲಿನ ತಾಮ್ರದ ಹಂಡೆಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಬದಲಿಗೆ ಕೊಟ್ಟು ಬಂದರು. ತಂದ ಡಬ್ಬಿಗಳನ್ನು ನೀರಿನಲ್ಲಿ ನೆನೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಡಿಯ ಮುಂದೆ ಎಲ್ಲರ ಕಣ್ಣೆದುರು ತಳಕ್ಕೆ ಉಳಿಯಿಟ್ಟು ಒಂದೇ ಏಟು ಹಾಕುತ್ತಿದ್ದರು. ಇನ್ನು ಅದರಲ್ಲಿ ನೀರು ನಿಲ್ಲಬಾರದು, ಯಾರೂ ಮತ್ತೆ ಎತ್ತಿಕೊಂಡು ಹೋಗಬಾರದು. ಆಮೇಲೆ ಚೀಲಕ್ಕೆ ಕಟ್ಟಿ, ಹಳೇ ಬ್ಯಾಟರಿಯನ್ನು ಕಾಯಿದೆ ಪ್ರಕಾರ ಒಯ್ಯುವ ಕಂಪನಿಯ ಗಾಡಿಗೆ ಹಾಕುತ್ತಿದ್ದರು. ನೋಡಿ ನಕ್ಕವರಿಗೆ, "ನಗ್ರಿ ನಗ್ರಿ, ನನಗೂ ಹಲ್ಲಿದ್ದಾಗ ನಗ್ತಿದ್ದೆ" ಎನ್ನುತ್ತಿದ್ದರು.

ನಮ್ಮ ಮನೆಗೂ ಬಂದರು.

ನಮ್ಮ ಡಬ್ಬಿ ಮಾಳಿಗೆಯ ಮೇಲಿತ್ತು. ನಾವು ಮನೆ ಕಟ್ಟಿದಾಗ ಲಾರಿ ಬ್ಯಾಟರಿಯ ದೊಡ್ಡ ಡಬ್ಬಿಯನ್ನೇ ಚಾಚಾ ಹೊತ್ತು ತಂದು ಕೊಟ್ಟಿದ್ದರು. ಗೃಹಪ್ರವೇಶಕ್ಕೆ ಹರಪನಹಳ್ಳಿಯಿಂದ ಬಂದ ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕರಿಬೇವಿನ ಸಸಿಯನ್ನು ತನ್ನ ಕೈಯಾರೆ ಅದರಲ್ಲಿ ನೆಟ್ಟಳು. ಮರುವರ್ಷ ಅವ್ವ ಹೋದಳು. ಗಿಡ ಎದೆಯೆತ್ತರ ಬೆಳೆಯಿತು. ಕಿತ್ತು ಬೇರೆ ಕಡೆ ನೆಟ್ಟರೆ ಒಣಗುತ್ತದೆಂಬ ಭಯ ನನಗೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು, ಅದನ್ನೂ ಹೇಳಿಬಿಡುತ್ತೇನೆ: ವಿಜ್ಞಾನದ ಟೀಚರ ಮನೆಯಿಂದಲೂ ಡಬ್ಬಿ ಹೊರಟಿತು ಎಂದು ಓಣಿ ನೋಡುವುದು ನನಗೆ ಬೇಕಿರಲಿಲ್ಲ.

"ನಂದು ಮೊದ್ಲು ಹೇಳ್ತೀನಿ ಟೀಚರಮ್ಮ..." ಎಂದು ಶುರು ಮಾಡಿದರು.

"ನನಗೆ ಗೊತ್ತಿಲ್ಲೇನು ಚಾಚಾ? ಡಾಕ್ಟರ ಮುಂದ ನಾನೂ ಇದ್ನಲ್ಲ. ಬಂದ ಮರುದಿನಾನ ಗುಜರಿಗೆ ಹಾಕೀನಿ" ಎಂದೆ.

ಅವರು ಮಾಳಿಗೆಯ ಮೆಟ್ಟಿಲ ಕಡೆ ಒಂದು ಸಲ ನೋಡಿದರು. "ಚಲೋ ಆತು ಬಿಡ್ರಿ" ಎಂದು ಹೊರಟುಹೋದರು.

ಅದಾದ ಮೇಲೆ ಹದಿಮೂರು ವರ್ಷ ಅವರು ನಮ್ಮ ಮನೆಗೆ ಬಂದು ಹೋಗಿ ಮಾಡಿದರು. ಬಂದವರೇ ಮೊಣಕೈಯವರೆಗೆ ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದರು. ಉಗುರು ತೋರಿಸಿ "ಪಾಸಾದ್ನೇನ್ರಿ?" ಎಂದು ಕೇಳಿ ಆಮೇಲೆ ಕೂರುತ್ತಿದ್ದರು. ಮಂಡಕ್ಕಿ ಒಗ್ಗರಣೆ ಅವರಿಗೆ ಪ್ರಾಣ. ಕೊಟ್ಟರೆ ಕರಿಬೇವಿನ ಎಲೆಯನ್ನೆಲ್ಲ ಒಂದೊಂದಾಗಿ ಆರಿಸಿ, ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು, ಬಾಕಿಯದನ್ನು ತಿನ್ನುತ್ತಿದ್ದರು. "ಹಲ್ಲಿಲ್ಲದವರಿಗೆ ಸೊಪ್ಪು ಸೇರಂಗಿಲ್ಲ ಬಿಡ್ರಿ" ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಿದ್ದರು. ಚಾಚಾ ನಗುತ್ತಿದ್ದರು, ನಾನು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದೆ.

ಮೊಮ್ಮಗಳಿಗೆ ಮಾತು ಬಂತು, ತಡವಾಗಿ ಬಂತು. ಶಾಲೆಯಲ್ಲಿ ನನ್ನ ಕೈಕೆಳಗೇ ಓದಿದಳು. ಎರಡು ಸಲ ಕೂತು ಹತ್ತನೇ ತರಗತಿ ದಾಟಿದಳು. ಲೆಕ್ಕ ಇವತ್ತಿಗೂ ಬರುವುದಿಲ್ಲ. ಸಿಟ್ಟು ಬೇಗ ಬರುತ್ತದೆ, ಹೇಳಿದ್ದನ್ನು ಇನ್ನೊಮ್ಮೆ ಹೇಳುತ್ತಾಳೆ. ಈಗ ಅಂಗಡಿಯಲ್ಲಿ ಕೂರುತ್ತಾಳೆ. ಅಲ್ಲಿ ಈಗ ಮಾರುವುದು ಹೊಸ ಬ್ಯಾಟರಿ ಮಾತ್ರ, ಬಿಚ್ಚುವುದಿಲ್ಲ. "ಚೆನ್ನಾಗೇ ಅದಾಳಲ್ರಿ" ಎಂದು ಯಾರಾದರೂ ಸಮಾಧಾನ ಹೇಳಿದರೆ ಚಾಚಾಗೆ ಕೆಂಡದಂಥ ಕೋಪ. "ಚೆನ್ನಾಗಿ ಅದಾಳ. ಆದ್ರ ಆಕಿ ಹೆಂಗ ಆಗಬೇಕಿತ್ತೋ ಹಂಗಿಲ್ಲ. ಅದನ್ನ ಮರಿಬ್ಯಾಡ್ರಿ. ಮರೆತ್ರ ಒಲಿ ಮತ್ತ ಹತ್ತತೈತಿ" ಎನ್ನುತ್ತಿದ್ದರು.

ಒಲೆ ಹತ್ತಿಯೇ ಹತ್ತಿತು. ಎರಡು ವರ್ಷದ ಹಿಂದೆ ಊರಾಚೆ ಹಳ್ಳದ ದಂಡೆಯಲ್ಲಿ ಹೊರಗಿನ ಗುಜರಿ ವ್ಯಾಪಾರಿಯೊಬ್ಬ ತಗಡಿನ ಶೆಡ್ಡು ಹಾಕಿದ. ಹಳೇ ಕಬ್ಬಿಣ ಎಂದು ಬೋರ್ಡು. ಒಂದು ದಿನ ಬೆಳಗಿನ ನಮಾಜಿಗೆ ಹೊರಟ ಚಾಚಾ ಓಣಿಯ ಬಾಯಲ್ಲಿ ನಿಂತು ಗಾಳಿ ಮೂಸಿದರು. ಹಾಲು ತರಲು ಹೊರಟಿದ್ದ ನನ್ನನ್ನು ನಿಲ್ಲಿಸಿ, "ಇದು ನನ್ನ ಹೊಗಿ, ಟೀಚರಮ್ಮ. ನನ್ನ ಹೊಗಿ ನನಗ ಗೊತ್ತಾಗಂಗಿಲ್ಲೇನು?" ಎಂದರು. ನಮಾಜು ಮುಗಿಸಿ ಹಳೇ ಮೊಪೆಡ್ ಹತ್ತಿ ಸೀದಾ ಶೆಡ್ಡಿಗೆ ಹೋದರು. ಒಳಗೆ ಲಾರಿಗಟ್ಟಲೆ ಬ್ಯಾಟರಿ. ಕೊಡಲಿಯಿಂದ ಒಡೆಯುತ್ತಿದ್ದಾರೆ, ಆಸಿಡ್ಡು ಹಳ್ಳಕ್ಕೆ ಹರಿಯುತ್ತಿದೆ, ಬಾಂಡ್ಲಿಯ ಬದಲು ಭಟ್ಟಿ ಉರಿಯುತ್ತಿದೆ. ಹಳ್ಳದಾಚೆ ಶಾಲೆ, ಹಳ್ಳದಲ್ಲಿ ಕುರಿಗಳಿಗೆ ನೀರು. ವ್ಯಾಪಾರಿ ಅವರನ್ನು ಗುರುತಿಸಿ ಕುರ್ಚಿ ಹಾಕಿಸಿದನಂತೆ. "ನಿಮ್ಮಂಥ ಪಳಗಿದ ಕೈ ನಮಗ ಬೇಕಾಗೈತಿ. ಬಂದು ಕುಂತರ ಸಾಕು" ಎಂದನಂತೆ. ಚಾಚಾ ಕೂರಲಿಲ್ಲ.

ಶೆಡ್ಡು ಮುಚ್ಚಿಸಿ ಎಂಬ ಅರ್ಜಿ ಬರೆದುಕೊಟ್ಟವಳು ನಾನು. ಆದರೆ ಕೆಳಗೆ ಸಹಿ ಹಾಕಲಿಲ್ಲ. ಸರ್ಕಾರಿ ನೌಕರಿ, ನಿವೃತ್ತಿಗೆ ಸ್ವಲ್ಪ ದಿನ ಬಾಕಿ, ನೂರೆಂಟು ನೆಪ. ಅವರು ಒತ್ತಾಯ ಮಾಡಲಿಲ್ಲ. ತಮ್ಮೊಬ್ಬರ ಸಹಿಯನ್ನೇ ದೊಡ್ಡದಾಗಿ ಹಾಕಿ ಕೊಟ್ಟರು.

ಪಂಚಾಯಿತಿ ಸಭಾಂಗಣದಲ್ಲಿ ಅಧಿಕಾರಿಗಳು ಅಹವಾಲು ಕೇಳಿದ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಚಾಚಾ ಎದ್ದು ನಿಂತು, "ನಂದು ಮೊದ್ಲು ಹೇಳ್ತೀನಿ" ಎಂದು ಎಲ್ಲವನ್ನೂ ಹೇಳಿದರು. ಒಲೆ, ಡಬ್ಬಿ, ಹುಣಸೆಹಣ್ಣು, ಮೊಮ್ಮಗಳು. ಮೊಮ್ಮಗಳ ರಕ್ತದ ಚೀಟಿಯನ್ನು ಮೇಜಿನ ಮೇಲಿಟ್ಟರು, ಪಕ್ಕಕ್ಕೆ ತಮ್ಮ ರಕ್ತದ ಚೀಟಿಯನ್ನೂ ಇಟ್ಟರು.

ವ್ಯಾಪಾರಿ ಎದ್ದ. "ಮೂವತ್ತು ವರ್ಷ ನೀವಾ ಇದನ್ನ ಮಾಡೀರಿ. ಈಗ ನಮಗ ಬುದ್ಧಿ ಹೇಳಾಕ ಯಾವ ಹಕ್ಕೈತ್ರಿ ನಿಮಗ?"

"ನನಗಾ ಐತಿ!" ಚಾಚಾನ ಕೈ ಮೇಜಿಗೆ ಬಡಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಹಾವಿನ ಹೆಜ್ಜಿ ಹಾವಿಗೇ ಗೊತ್ತು. ನಾ ಗೊತ್ತಿಲ್ದ ಮಾಡೀನಿ. ನೀ ಗೊತ್ತಿದ್ದು ಮಾಡ್ತಿ. ಗೊತ್ತಿಲ್ದ ಮಾಡಿದ್ದಕ್ಕ ನಾ ಇಷ್ಟು ಜುಲ್ಮಾನಿ ಕಟ್ಟೀನಿ, ಗೊತ್ತಿದ್ದು ಮಾಡಾಂವ ನೀ ಎಷ್ಟು ಕಟ್ಟತಿ ಹೇಳು!"

ಹಳ್ಳದ ಮಣ್ಣು ಪರೀಕ್ಷೆಗೆ ಹೋಯಿತು, ಶೆಡ್ಡಿಗೆ ಬೀಗ ಬಿತ್ತು. ಮರುದಿನ ಚಾಚಾ ಮೊಪೆಡ್ಡಿನಲ್ಲಿ ಹೋಗಿ ಆ ಬೀಗವನ್ನು ಜಗ್ಗಿ ನೋಡಿ ಬಂದರು. ಅಂದಿನಿಂದ ದಿನಾ ಬೆಳಿಗ್ಗೆ ಬೀಗ ಜಗ್ಗುವುದೇ ಅವರ ವಾಕಿಂಗು. ಎರಡು ತಿಂಗಳ ಹಿಂದೆ ಹಾಗೇ ಜಗ್ಗಿ ಬಂದು, ಅಂಗಡಿಯ ಮೆಟ್ಟಿಲ ಮೇಲೆ ಕೂತವರು ಮೇಲೇಳಲಿಲ್ಲ. ಮೂತ್ರಪಿಂಡ ಮೊದಲೇ ಸೋತಿದ್ದವು. ಸೀಸ ಅವರನ್ನೂ ಬಿಟ್ಟಿರಲಿಲ್ಲ.

ನಲವತ್ತನೇ ದಿನ ಕಳೆದ ಮೇಲೆ ಮೊಮ್ಮಗಳು ನಮ್ಮ ಮನೆಗೆ ಬಂದಳು. ಕೈಯಲ್ಲಿ ಅವಳ ದಾದಾನ, ಅಂದರೆ ಅಜ್ಜನ, ಸುತ್ತಿಗೆ ಮತ್ತು ಉಳಿ. ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟೆ. ಅವಳೂ ಕರಿಬೇವು ಆರಿಸಿ ಅಂಚಿಗಿಟ್ಟಳು.

"ನಿನಗೂ ಸೇರಂಗಿಲ್ಲೇನು, ದಾದಾನಂಗ?" ಎಂದೆ.

ಅವಳು ಆಶ್ಚರ್ಯದಿಂದ ನೋಡಿದಳು. "ದಾದಾಗ ಕರಿಬೇವು ಅಂದ್ರ ಬಾಳ ಸೇರ್ತಿತ್ತು ಟೀಚರ್. ಮನ್ಯಾಗ ತಿಂತಿದ್ರು. ಹೋಟ್ಲಾಗೂ ತಿಂತಿದ್ರು. ನಿಮ್ಮನ್ಯಾಗ ಅಷ್ಟಾ ತಿಂತಿದ್ದಿಲ್ಲ."

ನಾನು ಅವಳ ತಟ್ಟೆಯ ಅಂಚಿನ ಎಲೆಗಳನ್ನು ನೋಡಿದೆ. ಅವಳು ತನ್ನ ರೂಢಿಯಂತೆ ಇನ್ನೊಮ್ಮೆ ಹೇಳಿದಳು: "ನಿಮ್ಮನ್ಯಾಗ ಅಷ್ಟಾ ತಿಂತಿದ್ದಿಲ್ಲ. ಕೊಟ್ಟಿದ್ದ ಡಬ್ಬಿ ಎಲ್ಲಾ ಬಂದಾವು, ಒಂದು ಬಾಕಿ ಐತಿ ಅಂತಿದ್ರು. ನಾ ಹೋಗಿ ಕೇಳ್ಲೇನು ದಾದಾ ಅಂದ್ರ ಬ್ಯಾಡ ಅಂತಿದ್ರು. 'ಆ ಮನ್ಯಾಗ ಸಣ್ಣ ಮಕ್ಕಳಿಲ್ಲ. ತಾಯಿ ಇಟ್ಟ ಗಿಡ ಅದು. ಟೀಚರಮ್ಮ ಕಲಿಸೋರು, ಕಲಿಸೋರಿಗೆ ಕಲಿಯಾಕ ಹೊತ್ತು ಹಿಡಿತೈತಿ' ಅಂತಿದ್ರು."

ಊರಿನವರ ಬಾಗಿಲು ಬಡಿದು ಜಗಳವಾಡಿದ ಮನುಷ್ಯ ನನ್ನ ಬಾಗಿಲಲ್ಲಿ ಹದಿಮೂರು ವರ್ಷ ಸುಮ್ಮನೆ ಕಾದರು. ಪ್ರತಿ ಸಲವೂ ತಟ್ಟೆಯ ಅಂಚಿನಲ್ಲಿ ಎಲೆ ಸಾಲಿಟ್ಟು ನನಗೆ ಪಾಠ ಹೇಳಿದರು, ನಾನು ಪ್ರತಿ ಸಲವೂ ಆ ಪಾಠವನ್ನು ಮುಸುರೆಗೆ ಸುರಿದೆ. ಅವರಿಗೂ ಗೊತ್ತಿಲ್ಲದ್ದು ಒಂದಿತ್ತು. ಮನೆಯಲ್ಲಿ ಸಣ್ಣ ಮಕ್ಕಳಿರಲಿಲ್ಲ ನಿಜ, ಆದರೆ ಗಿಡ ಸೊಂಪಾಗಿತ್ತು. ವಾರಕ್ಕೊಮ್ಮೆ ಒಂದು ಹಿಡಿ ಕರಿಬೇವು ಕೊಯ್ದು ಶಾಲೆಗೆ ಒಯ್ಯುತ್ತಿದ್ದೆ. ಬಿಸಿಯೂಟದ ಸಾರಿಗೆ ಹಾಕಲಿ ಎಂದು ಅಡುಗೆಯವರ ಕೈಗೆ ಕೊಡುತ್ತಿದ್ದೆ. ನನ್ನ ಕೈಯೂ ದೊಡ್ಡದೇ.

ಆ ಹುಡುಗಿ ಬಾಕಿ ಡಬ್ಬಿಗಷ್ಟೇ ಬಂದಿರಲಿಲ್ಲ. ಚೀಲದಿಂದ ಒಂದು ನೋಟೀಸು ತೆಗೆದು ಕೊಟ್ಟಳು. ಶೆಡ್ಡಿನವನು ಬೀಗ ತೆಗೆಸಲು ಮತ್ತೆ ಅರ್ಜಿ ಹಾಕಿದ್ದ. ತಕರಾರು ಇದ್ದವರು ಬಂದು ಹೇಳಬೇಕು, ಸೋಮವಾರ, ಅದೇ ಸಭಾಂಗಣ. "ತಕರಾರು ಮಾಡೋ ಮುದುಕ ಹೋದ, ಇನ್ನ ಯಾರದಾರ ಅಂತ ಅಂತಾನಂತ್ರಿ" ಎಂದಳು. "ನನಗ ಅಲ್ಲಿ ಮಾತಾಡಾಕ ಬರಂಗಿಲ್ಲ ಟೀಚರ್. ಅರ್ಧಕ್ಕ ಮರತುಬಿಡ್ತೀನಿ."

ಇಬ್ಬರೂ ಮಾಳಿಗೆ ಹತ್ತಿದೆವು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಣ್ಣಿಗೆ ನೀರು ಹಾಕಿ, ಗಿಡವನ್ನು ಬೇರು ಸಮೇತ ಕಿತ್ತೆ. ಅವ್ವ ನೆಟ್ಟ ಗಿಡ. "ಸಾಯ್ತೈತೇನ್ರಿ?" ಎಂದಳು. "ಸಾಯ್ಲಿ" ಎಂದೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ, ಕೈ ಮಣ್ಣಾಗಿತ್ತು. ಮಣ್ಣನ್ನೆಲ್ಲ ಚೀಲಕ್ಕೆ ತುಂಬಿ ನೋಡಿದರೆ, ತಳದ ಏಣುಗಳ ಸಂದಿಯಲ್ಲಿ ಗಸಿ ಹಾಗೇ ಕೂತಿತ್ತು, ಬೂದು ಬಣ್ಣಕ್ಕೆ. ಅವಳು ಉಳಿ ಎತ್ತಿದಳು. "ಈಗ ಬ್ಯಾಡ" ಎಂದು ಅವಳ ಕೈ ಹಿಡಿದೆ. "ಸೋಮವಾರದ ತನಕ ಇದು ಹಿಂಗಾ ಇರಲಿ."

ಸೋಮವಾರ ಆಟೋದಲ್ಲಿ ಡಬ್ಬಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಹೋದೆವು. ಜನ ಕಡಿಮೆಯಿದ್ದರು. ವ್ಯಾಪಾರಿ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಅಧಿಕಾರಿ ಕೇಳಿದರು. ನಾವಿಬ್ಬರೂ ಎದ್ದು ಡಬ್ಬಿಯನ್ನು ಹೊತ್ತು ಅವರ ಮೇಜಿನ ಮೇಲಿಟ್ಟೆವು.

"ನಂದು ಮೊದ್ಲು ಹೇಳ್ತೀನಿ" ಎಂದೆ. ಡಾಕ್ಟರ ಮುಂದೆ ಕೂತು ಎಲ್ಲ ಕೇಳಿಸಿಕೊಂಡದ್ದು, ಸುಳ್ಳು ಹೇಳಿದ್ದು, ಡಬ್ಬಿ ಬಚ್ಚಿಟ್ಟದ್ದು, ಅದರ ಎಲೆಯನ್ನು ಶಾಲೆಯ ಮಕ್ಕಳ ಸಾರಿಗೆ ಹಾಕಿಸಿದ್ದು, ಹೋದ ಸಲ ಅರ್ಜಿಗೆ ಸಹಿ ಹಾಕದೆ ಹಿಂದಿನ ಬೆಂಚಿನಲ್ಲಿ ಕೂತದ್ದು. ಒಂದನ್ನೂ ಬಿಡಲಿಲ್ಲ. ನಮ್ಮ ಶಾಲೆಯ ಮಕ್ಕಳ ರಕ್ತ ಪರೀಕ್ಷೆಯಾಗಬೇಕು, ಮೊದಲ ರಕ್ತ ನನ್ನದು ತೆಗೆಯಿರಿ ಎಂದೆ.

"ಅಲ್ರೀ ಮೇಡಂ, ಹಂಗಾದ್ರ ತಪ್ಪು ನಿಮ್ದಾ ಆತಲ್ಲ!" ಎಂದು ವ್ಯಾಪಾರಿ ನಗುತ್ತ ಎದ್ದ.

"ನಂದಾ. ಬರಕೊಳ್ರಿ. ನನ್ನ ಹೆಸರು, ಶಾಲಿ ಹೆಸರು, ಎಲ್ಲಾ ಬರಕೊಳ್ರಿ." ಅಧಿಕಾರಿ ಬರೆದು ಮುಗಿಸುವವರೆಗೂ ಕಾದೆ. ಕೆಳಗೆ ಸಹಿ ಹಾಕಿದೆ, ಚಾಚಾ ಹಾಕಿದಷ್ಟೇ ದೊಡ್ಡದಾಗಿ.

ಮೊಮ್ಮಗಳು ಡಬ್ಬಿಯನ್ನು ವ್ಯಾಪಾರಿಯ ಕಡೆಗೆ, ತಳದ ಗಸಿ ಕಾಣುವ ಹಾಗೆ ವಾಲಿಸಿ ಹಿಡಿದಳು.

"ನಂದು ಮುಗೀತು" ಎಂದೆ. "ಈಗ ನಿಮ್ಮದು ಹೇಳ್ರಿ."